ಹತ್ತು ಕೈ ಸೇರಿದರೆ ಒಂದು ಕ್ಯೂಬಿಟ್

2023ರ ಏಪ್ರಿಲ್ 19ರಂದು ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6,003.65 ಕೋಟಿ ರೂಪಾಯಿ, ಅವಧಿ 2023-24ರಿಂದ 2030-31ರವರೆಗೆ. ಐವತ್ತರಿಂದ ಸಾವಿರ ಕ್ಯೂಬಿಟ್‌ವರೆಗಿನ ಕಂಪ್ಯೂಟರ್ ಕಟ್ಟುವುದು, ಎರಡು ಸಾವಿರ ಕಿಲೋಮೀಟರ್ ದೂರಕ್ಕೆ ಕದ್ದಾಲಿಸಲಾಗದಂತೆ ಸಂದೇಶ ಕಳಿಸುವುದು, ಅತಿ ಸೂಕ್ಷ್ಮ ಸಂವೇದಕಗಳನ್ನೂ ಇವಕ್ಕೆಲ್ಲ ಬೇಕಾದ ವಸ್ತುಗಳನ್ನೂ ದೇಶದಲ್ಲೇ ತಯಾರಿಸುವುದು ಅದರ ಗುರಿ. ಈ ವಿಷಯ ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ. ಗೂಗಲ್, ಐಬಿಎಂನಂಥ ಕಂಪನಿಗಳು ಈ ಯಂತ್ರವನ್ನು ಕಟ್ಟುತ್ತಲೇ ಇವೆ. ಅದು ಕೈಗೆ ಬಂದಾಗ ಕೊಂಡರಾಯಿತು, ತೆರಿಗೆ ಹಣವನ್ನು ಈಗಲೇ ಏಕೆ ಸುರಿಯಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ ಮೊದಲು ಯಂತ್ರದ ಒಳಗೇನಿದೆ ಎಂದು ನೋಡಬೇಕು.

ನಮ್ಮ ಕಂಪ್ಯೂಟರಿನ ಬಿಟ್ ಸೊನ್ನೆ ಇಲ್ಲವೇ ಒಂದು. ಕ್ಯೂಬಿಟ್ ಈ ಎರಡರ ಮಿಶ್ರ ಸ್ಥಿತಿಯಲ್ಲೂ ಇರಬಲ್ಲದು, ಪಕ್ಕದ ಕ್ಯೂಬಿಟ್‌ಗಳ ಜತೆ ಬಿಡಿಸಲಾಗದಂತೆ ಹೆಣೆದುಕೊಳ್ಳಬಲ್ಲದು. ಹೊಸ ಔಷಧದ ಅಣುವಿನ ನಡವಳಿಕೆಯನ್ನು ಲೆಕ್ಕ ಹಾಕುವಂಥ ಕೆಲವು ಬಗೆಯ ಸಮಸ್ಯೆಗಳಿಗೆ ಇದು ಇಂದಿನ ಕಂಪ್ಯೂಟರ್‌ಗಳಿಗಿಂತ ಹೆಚ್ಚು ತಕ್ಕ ಸಾಧನವಾಗಬಲ್ಲದು. ಎಲ್ಲ ಕೆಲಸಕ್ಕೂ ಅಲ್ಲ, ಕೆಲವಕ್ಕೆ ಮಾತ್ರ. ಕ್ಯೂಬಿಟ್ ಮಾಡಲು ಹಲವು ದಾರಿಗಳಿವೆ: ಬೆಳಕಿನ ಕಣ, ಬಂಧಿಸಿಟ್ಟ ಅಯಾನು, ವಜ್ರದೊಳಗಿನ ಒಂದು ದೋಷ. ಗೂಗಲ್, ಐಬಿಎಂ ಎರಡೂ ಹಿಡಿದಿರುವುದು ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್ ದಾರಿಯನ್ನು. ಭಾರತದಲ್ಲೂ ಆ ದಾರಿಯಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅದನ್ನೇ ಹತ್ತಿರದಿಂದ ನೋಡೋಣ.

ಈ ಕ್ಯೂಬಿಟ್‌ನ ಹೃದಯ ಜೋಸೆಫ್‌ಸನ್ ಜಂಕ್ಷನ್ ಎಂಬ ಪುಟ್ಟ ರಚನೆ. ಕೆಳಗೊಂದು ಅಲ್ಯೂಮಿನಿಯಂ ಪದರ, ಮೇಲೊಂದು ಅಲ್ಯೂಮಿನಿಯಂ ಪದರ, ನಡುವೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ. ಆ ಪೊರೆಯ ದಪ್ಪ ಒಂದೆರಡು ನ್ಯಾನೋಮೀಟರ್, ಅಂದರೆ ಕೆಲವೇ ಪರಮಾಣುಗಳ ಸಾಲು. ಒಂದು ಸಾಲು ಹೆಚ್ಚುಕಡಿಮೆಯಾದರೂ ಕ್ಯೂಬಿಟ್ ಮಿಡಿಯುವ ಆವರ್ತನ ಬದಲಾಗುತ್ತದೆ. ಜಂಕ್ಷನ್ನಿನ ಆಕಾರವನ್ನು ಬರೆಯುವುದು ಎಲೆಕ್ಟ್ರಾನ್ ಕಿರಣದಿಂದ. ಲೋಹವನ್ನು ನಿರ್ವಾತದಲ್ಲಿ ಆವಿ ಮಾಡಿ, ಓರೆಯಾಗಿ ಎರಡು ಕೋನಗಳಿಂದ ಕೂರಿಸುತ್ತಾರೆ. ಈ ಕೆಲಸ ನಡೆಯುವ ಕ್ಲೀನ್‌ರೂಮಿನಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು ತೊಡಬೇಕು. ಚಿಪ್ಪಿನ ಮೇಲೆ ಬಳಿಯುವ ರಾಸಾಯನಿಕಕ್ಕೆ ನೀಲಿ ಬೆಳಕು ತಾಗಬಾರದೆಂದು ಲಿಥೋಗ್ರಫಿ ಕೋಣೆಯಲ್ಲಿ ಹಗಲುರಾತ್ರಿ ಹಳದಿ ದೀಪವೇ ಉರಿಯುತ್ತದೆ. ಒಂದು ಧೂಳಿನ ಕಣ ಕೂತರೆ ವಾರಗಳ ಕೆಲಸ ವ್ಯರ್ಥ.

ಚಿಪ್ ಸಿದ್ಧವಾದರೆ ಅರ್ಧ ದಾರಿಯೂ ಆಗಿಲ್ಲ. ಅದನ್ನು ತಂಪು ಮಾಡಬೇಕು. ಕ್ಯೂಬಿಟ್ ಮಿಡಿಯುವುದು ಸುಮಾರು ಐದು ಗಿಗಾಹರ್ಟ್ಸ್ ಮೈಕ್ರೋವೇವ್ ಆವರ್ತನದಲ್ಲಿ. ಆ ಆವರ್ತನದ ಶಕ್ತಿಯನ್ನು ಉಷ್ಣತೆಯ ಲೆಕ್ಕಕ್ಕೆ ತಂದರೆ ನಿರಪೇಕ್ಷ ಶೂನ್ಯದಿಂದ ಕಾಲು ಡಿಗ್ರಿಯಷ್ಟೂ ಇಲ್ಲ. ಸುತ್ತಲಿನ ಶಾಖ ಇದಕ್ಕಿಂತ ಬಹಳ ಕಡಿಮೆ ಇರದಿದ್ದರೆ ಶಾಖವೇ ಸೊನ್ನೆಯನ್ನು ಒಂದಾಗಿಸಿಬಿಡುತ್ತದೆ. ಹಾಗಾಗಿ ಚಿಪ್ಪನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗ ಮಾತ್ರ ಮೇಲಿರಿಸುತ್ತಾರೆ. ನಕ್ಷತ್ರಗಳ ನಡುವಿನ ಖಾಲಿ ಆಕಾಶ ಕೂಡ ಇದಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬೆಚ್ಚಗಿದೆ.

ಅಷ್ಟು ತಂಪು ಮಾಡುವ ಯಂತ್ರದ ಹೆಸರು ಡೈಲ್ಯೂಷನ್ ರೆಫ್ರಿಜರೇಟರ್. ಪತ್ರಿಕೆಗಳಲ್ಲಿ ಕ್ವಾಂಟಂ ಕಂಪ್ಯೂಟರ್ ಎಂದು ಅಚ್ಚಾಗುವ ಚಿತ್ರ ಬಹುಪಾಲು ಇದರದೇ: ಚಿನ್ನದ ಲೇಪದ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ತೂಗುತ್ತವೆ, ಕೆಳಗಿಳಿದಂತೆ ತಂಪು ಹೆಚ್ಚುತ್ತದೆ, ಚಿಪ್ ಇರುವುದು ಎಲ್ಲಕ್ಕಿಂತ ಕೆಳಗೆ. ಅದರೊಳಗೆ ಹರಿಯುವುದು ಹೀಲಿಯಂನ ಎರಡು ಸಮಸ್ಥಾನಿಗಳ ಮಿಶ್ರಣ, ಹೀಲಿಯಂ-3 ಮತ್ತು ಹೀಲಿಯಂ-4. ಸುಮಾರು 0.87 ಕೆಲ್ವಿನ್‌ಗಿಂತ ಕೆಳಗೆ ಈ ಮಿಶ್ರಣ ತಾನಾಗಿ ಎರಡು ಪದರವಾಗುತ್ತದೆ. ಹೀಲಿಯಂ-3ರ ಪರಮಾಣುಗಳನ್ನು ಮೇಲಿನ ಪದರದಿಂದ ಕೆಳಗಿನದಕ್ಕೆ ಎಳೆದರೆ ದಾಟುವಾಗ ಅವು ಸುತ್ತಲಿನ ಶಾಖವನ್ನು ಹೀರುತ್ತವೆ. ಈ ತತ್ವದ ಯಂತ್ರ ಮೊದಲು ಕೆಲಸ ಮಾಡಿದ್ದು 1964ರಲ್ಲಿ, ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ.

ಇನ್ನು ತಂತಿಗಳು. ಹೊರಗಿನ ಕೋಣೆಯಿಂದ ಚಿಪ್ಪಿಗೆ ಮೈಕ್ರೋವೇವ್ ಸಂಕೇತ ಹೋಗಬೇಕು, ಆದರೆ ಆ ತಂತಿಯ ಗುಂಟ ಶಾಖ ಇಳಿಯಬಾರದು. ಅದಕ್ಕಾಗಿ ವಿಶೇಷ ಮಿಶ್ರಲೋಹದ ಕೋಆಕ್ಸಿಯಲ್ ಕೇಬಲ್‌ಗಳು, ಪ್ರತಿ ತಟ್ಟೆಯಲ್ಲೂ ಗದ್ದಲವನ್ನು ತಗ್ಗಿಸುವ ಅಟೆನ್ಯುಯೇಟರ್‌ಗಳು, ವಾಪಸು ಬರುವ ಅತಿ ಕ್ಷೀಣ ಉತ್ತರವನ್ನು ಹಿಗ್ಗಿಸುವ ಆಂಪ್ಲಿಫಯರ್‌ಗಳು ಬೇಕು. ನೂರು ಕ್ಯೂಬಿಟ್‌ಗೆ ನೂರಾರು ಕೇಬಲ್. ಹೊರಗೆ ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಸಂಕೇತ ಹುಟ್ಟಿಸುವ ಎಲೆಕ್ಟ್ರಾನಿಕ್ಸ್. ಅದರ ಮೇಲೆ ಇದನ್ನೆಲ್ಲ ನಡೆಸುವ ತಂತ್ರಾಂಶ.

ಈಗ ಲೆಕ್ಕ ಹಾಕಿ. ಪದಾರ್ಥ ವಿಜ್ಞಾನಿ ಬೇಕು, ಅತಿಶೀತ ತಂತ್ರಜ್ಞ ಬೇಕು, ಮೈಕ್ರೋವೇವ್ ಎಂಜಿನಿಯರ್ ಬೇಕು, ಸೈದ್ಧಾಂತಿಕ ಭೌತವಿಜ್ಞಾನಿ ಬೇಕು, ನಿರ್ವಾತ ಪಂಪು ರಿಪೇರಿ ಮಾಡುವವರು ಬೇಕು, ತಾಮ್ರವನ್ನು ಮೈಕ್ರಾನ್ ಲೆಕ್ಕದಲ್ಲಿ ಕಡೆಯುವ ಲೇತ್ ಕೆಲಸಗಾರ ಬೇಕು. ಇಷ್ಟು ಮಂದಿಯನ್ನು ಒಂದೇ ವಿಶ್ವವಿದ್ಯಾಲಯ ಒಂದೇ ಸೂರಿನಡಿ ಇಟ್ಟುಕೊಳ್ಳಲಾರದು. ಒಂದೆರಡು ದೈತ್ಯ ಕಂಪನಿಗಳನ್ನು ಬಿಟ್ಟರೆ ಉದ್ಯಮಕ್ಕೂ ಆಗದು. ಎಂದಾದರೂ ಲಾಭ ಬಂದೀತು ಎಂಬ ನಂಬಿಕೆಯ ಮೇಲೆ ಹದಿನೈದಿಪ್ಪತ್ತು ವರ್ಷ ಖರ್ಚು ಮಾಡುತ್ತ ಕೂರುವ ಹೂಡಿಕೆದಾರರು ನಮ್ಮಲ್ಲಿ ಕಡಿಮೆ. ಸರ್ಕಾರದ ದುಡ್ಡು ಬೇಕಾಗುವುದು ಇಲ್ಲಿ. ಮತ್ತು ಆ ದುಡ್ಡು ಒಂದೊಂದು ಪ್ರಯೋಗಾಲಯಕ್ಕೂ ಚೂರುಚೂರಾಗಿ ಹೋಗದೆ, ಎಲ್ಲರೂ ಸೇರಿ ಬಳಸುವ ಸೌಕರ್ಯಕ್ಕೆ ಹೋಗಬೇಕು ಎಂಬುದು ನನ್ನ ವಾದ.

ಖಾಸಗಿ ಕಂಪನಿಗಳು ಮುಂದಿವೆಯಲ್ಲ ಎನ್ನುವವರು ಅವುಗಳ ಬೇರನ್ನೂ ನೋಡಬೇಕು. 2025ರ ಭೌತವಿಜ್ಞಾನದ ನೊಬೆಲ್ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ ಬಂತು. ಕೈಯಲ್ಲಿ ಹಿಡಿಯಬಹುದಾದ ಗಾತ್ರದ ವಿದ್ಯುತ್ ಮಂಡಲವೂ ಕ್ವಾಂಟಂ ನಿಯಮದಂತೆ ನಡೆಯುತ್ತದೆಂದು ಅವರು ತೋರಿಸಿದ್ದು 1984-85ರ ಸುಮಾರಿಗೆ, ಬರ್ಕ್ಲಿಯ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ. ಅಂದು ಅದರಿಂದ ಯಾವ ಕಂಪನಿಗೂ ಒಂದು ಕಾಸಿನ ಲಾಭವಿರಲಿಲ್ಲ. ಮೊದಲ ಸೂಪರ್‌ಕಂಡಕ್ಟರ್ ಕ್ಯೂಬಿಟ್ ಕೆಲಸ ಮಾಡಿದ್ದು 1999ರಲ್ಲಿ, ಜಪಾನಿನ ಎನ್‌ಇಸಿ ಪ್ರಯೋಗಾಲಯದಲ್ಲಿ. ಮುಂದೆ ಮಾರ್ಟಿನಿಸ್ ಸಾಂಟಾ ಬಾರ್ಬರಾದಲ್ಲಿ ತಂಡ ಕಟ್ಟಿದರು. ಆ ತಂಡಕ್ಕೆ ಅಮೆರಿಕದ ಗುಪ್ತಚರ ವಿಭಾಗದ ಸಂಶೋಧನಾ ಸಂಸ್ಥೆ ಐಆರ್ಪಾದ ನೆರವಿತ್ತು. 2014ರಲ್ಲಿ ಗೂಗಲ್ ಅವರನ್ನೂ ಅವರ ತಂಡವನ್ನೂ ಕರೆದುಕೊಂಡಿತು. 2019ರ 53 ಕ್ಯೂಬಿಟ್‌ನ ಸಿಕಮೋರ್, 2024ರ ಡಿಸೆಂಬರಿನಲ್ಲಿ ಬಂದ 105 ಕ್ಯೂಬಿಟ್‌ನ ವಿಲೋ, ಎರಡಕ್ಕೂ ಬುನಾದಿ ಬಿದ್ದದ್ದು ಹೀಗೆ. ಸಾರ್ವಜನಿಕ ಹಣ ಮೂರು ದಶಕ ಬಿತ್ತಿದ ಮೇಲೆ ಖಾಸಗಿ ಹಣ ಕೊಯ್ಲಿಗೆ ಬಂತು.

ಅಮೆರಿಕ ಇಂದಿಗೂ ಈ ದಾರಿ ಬಿಟ್ಟಿಲ್ಲ. 2018ರ ಡಿಸೆಂಬರಿನಲ್ಲಿ ಕ್ವಾಂಟಂ ಕಾಯ್ದೆಯನ್ನೇ ತಂದಿತು. 2020ರಲ್ಲಿ ಅದರ ಇಂಧನ ಇಲಾಖೆ ಐದು ಕೇಂದ್ರಗಳಿಗೆ ಐದು ವರ್ಷಕ್ಕೆ 62.5 ಕೋಟಿ ಡಾಲರ್ ಗೊತ್ತು ಮಾಡಿತು. ಪ್ರತಿ ಕೇಂದ್ರಕ್ಕೂ ಒಂದು ರಾಷ್ಟ್ರೀಯ ಪ್ರಯೋಗಾಲಯ ಮುಂದಾಳು. ವಿಶ್ವವಿದ್ಯಾಲಯಗಳು, ಕಂಪನಿಗಳು ಜತೆಗಾರರು. ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು ಚಿಕ್ಕ ವ್ಯವಸ್ಥೆ. ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ಸ್ಕ್ವಿಲ್ ಎಂಬ ಫೌಂಡ್ರಿ ಇದೆ. ಅಮೆರಿಕದ ಸಂಶೋಧಕರು ತಮ್ಮ ಕ್ಯೂಬಿಟ್ ವಿನ್ಯಾಸವನ್ನು ಕಳಿಸಿದರೆ ಸರ್ಕಾರದ ಖರ್ಚಿನಲ್ಲಿ ಚಿಪ್ ತಯಾರಾಗಿ ವಾಪಸು ಬರುತ್ತದೆ. ಸ್ವಂತ ಕ್ಲೀನ್‌ರೂಮ್ ಇಲ್ಲದ ಸಣ್ಣ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೂ ಒಳ್ಳೆಯ ಚಿಪ್ ಮೇಲೆ ಪ್ರಯೋಗ ಮಾಡಬಹುದು. ಬುದ್ಧಿ ಇದ್ದು ಯಂತ್ರವಿಲ್ಲದವರಿಗೆ ಬಾಗಿಲು ತೆರೆಯುವುದು ಎಂದರೆ ಇದು.

ಆದರೆ ಅಮೆರಿಕದ ಜೇಬು ನಮಗಿಲ್ಲ. ನಾವು ನೋಡಬೇಕಾದ ದೇಶ ಫಿನ್ಲೆಂಡ್. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ನಾಡು. 1965ರಲ್ಲಿ ಓಲಿ ಲೌನಸ್ಮಾ ಎಂಬ ಭೌತವಿಜ್ಞಾನಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅತಿಶೀತ ಪ್ರಯೋಗಾಲಯ ಶುರು ಮಾಡಿದರು. ಆಗ ಕ್ವಾಂಟಂ ಕಂಪ್ಯೂಟರಿನ ಕನಸೂ ಯಾರಿಗೂ ಇರಲಿಲ್ಲ. ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ಹೋಗಿ ಪದಾರ್ಥ ಹೇಗೆ ನಡೆದುಕೊಳ್ಳುತ್ತದೆಂದು ನೋಡುವ ಕುತೂಹಲವಷ್ಟೇ. ಸರ್ಕಾರ ಅದನ್ನು ದಶಕಗಟ್ಟಲೆ ಸಾಕಿತು. ಯಂತ್ರ ಕಟ್ಟುವ, ಸೋರಿಕೆ ಹುಡುಕುವ, ಬೆಸುಗೆ ಹಾಕುವ ಕೈಗಳು ತಲೆಮಾರಿನಿಂದ ತಲೆಮಾರಿಗೆ ತಯಾರಾದವು. 2008ರಲ್ಲಿ ಆ ಪರಂಪರೆಯಿಂದಲೇ ಬ್ಲೂಫೋರ್ಸ್ ಎಂಬ ಕಂಪನಿ ಹುಟ್ಟಿತು. ಇಂದು ಜಗತ್ತಿನ ಕ್ವಾಂಟಂ ಪ್ರಯೋಗಾಲಯಗಳಿಗೆ ಡೈಲ್ಯೂಷನ್ ರೆಫ್ರಿಜರೇಟರ್ ಮಾರುವವರಲ್ಲಿ ಅದು ಮುಂಚೂಣಿಯಲ್ಲಿದೆ.

2020ರಲ್ಲಿ ಫಿನ್ಲೆಂಡ್ ಸರ್ಕಾರ ಸ್ವಂತ ಕ್ವಾಂಟಂ ಕಂಪ್ಯೂಟರ್ ಕಟ್ಟಲು ಸುಮಾರು 2.07 ಕೋಟಿ ಯೂರೋ ಕೊಟ್ಟಿತು. ನಮ್ಮ ಮಿಷನ್‌ನ ಮೊತ್ತದ ಮುಂದೆ ಇದು ತೀರ ಚಿಕ್ಕದು. ಸರ್ಕಾರಿ ಸಂಶೋಧನಾ ಸಂಸ್ಥೆ ವಿಟಿಟಿ ಟೆಂಡರ್ ಕರೆದು, 2018ರಲ್ಲಷ್ಟೇ ಹುಟ್ಟಿದ ಐಕ್ಯೂಎಂ ಎಂಬ ಸ್ಟಾರ್ಟಪ್ಪನ್ನು ಆರಿಸಿಕೊಂಡಿತು. ಚಿಪ್ ತಯಾರಾದದ್ದು ವಿಟಿಟಿ ಮತ್ತು ಆಲ್ಟೊ ವಿಶ್ವವಿದ್ಯಾಲಯ ಸೇರಿ ನಡೆಸುವ ಮೈಕ್ರೊನೋವಾ ಕ್ಲೀನ್‌ರೂಮಿನಲ್ಲಿ. 2021ರಲ್ಲಿ ಐದು ಕ್ಯೂಬಿಟ್, 2023ರಲ್ಲಿ ಇಪ್ಪತ್ತು, 2025ರಲ್ಲಿ ಐವತ್ತು. ಹೇಳಿದ ಮೆಟ್ಟಿಲನ್ನು ಒಂದೊಂದಾಗಿ ಏರಿದರು. ಇದು ಸಾಧ್ಯವಾದದ್ದು ಕ್ಲೀನ್‌ರೂಮ್ ಮೊದಲೇ ಇತ್ತು, ತಂಪುಯಂತ್ರ ಊರಿನಲ್ಲೇ ಸಿಗುತ್ತಿತ್ತು, ಅದನ್ನು ನಡೆಸುವ ಜನ ಪಕ್ಕದ ಕಟ್ಟಡದಲ್ಲೇ ಇದ್ದರು ಎಂಬ ಕಾರಣಕ್ಕೆ. ಆ ಎರಡು ಕೋಟಿ ಯೂರೋ ಹಿಂದೆ ಐವತ್ತೈದು ವರ್ಷದ ಕಾಣದ ಖರ್ಚು ಇದೆ.

ನಮ್ಮಲ್ಲಿ ಆ ಬೇರು ಇರಲಿಲ್ಲವೇ? ಇತ್ತು. 1950ರ ದಶಕದಲ್ಲೇ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆ.ಎಸ್. ಕೃಷ್ಣನ್ ಅವರ ಕಾಲದಲ್ಲಿ ಹೀಲಿಯಂ ದ್ರವೀಕರಣ ಶುರುವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಇ.ಎಸ್. ರಾಜಗೋಪಾಲ್ ಅತಿಶೀತ ಭೌತವಿಜ್ಞಾನಕ್ಕೆ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಆ ವಿಷಯದ ಮೇಲೆ 1966ರಲ್ಲಿ ಬಂದ ಅವರ ಪುಸ್ತಕ ಹೊರದೇಶಗಳಲ್ಲೂ ಪಠ್ಯವಾಗಿತ್ತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಈ ವಿದ್ಯೆ ಬೆಳೆಯಿತು. ವಿದ್ಯೆ ಬಂತು, ಪ್ರಬಂಧಗಳು ಬಂದವು. ಯಂತ್ರ ಕಟ್ಟುವ ಕಾರ್ಖಾನೆ ಬರಲಿಲ್ಲ. ತಂಪುಯಂತ್ರ ಬೇಕಾದಾಗ ಹೊರಗಿನಿಂದ ತರಿಸಿದೆವು, ಕೆಟ್ಟಾಗ ಹೊರಗಿನ ತಂತ್ರಜ್ಞನಿಗೆ ಕಾದೆವು. ನನಗೆ ನೋವಾಗುವುದು ಈ ಜಾಗದಲ್ಲಿ. ನಮ್ಮ ವಿಜ್ಞಾನಿಗಳಿಗೆ ಪ್ರತಿಭೆ ಸಾಲಲಿಲ್ಲ ಎಂದು ಯಾರೂ ಹೇಳಲಾರರು. ಪ್ರಯೋಗಾಲಯದಿಂದ ವರ್ಕ್‌ಶಾಪಿಗೆ, ಅಲ್ಲಿಂದ ಕಾರ್ಖಾನೆಗೆ ಹೋಗುವ ದಾರಿಗೆ ನಾವು ದುಡ್ಡು ಹಾಕಲಿಲ್ಲ.

ಕೊಂಡರಾಯಿತು ಎನ್ನುವವರಿಗೆ ಇನ್ನೊಂದು ಮಾತು. ಕೊಳ್ಳಲು ಸದಾ ಬಿಡುವುದಿಲ್ಲ. 2024ರಲ್ಲಿ ಬ್ರಿಟನ್, ಫ್ರಾನ್ಸ್, ನೆದರ್ಲೆಂಡ್ಸ್, ಕೆನಡಾ ಸೇರಿ ಹಲವು ದೇಶಗಳು ಬಹುತೇಕ ಒಂದೇ ಮಾತಿನ ರಫ್ತು ನಿರ್ಬಂಧ ತಂದವು. 34 ಕ್ಯೂಬಿಟ್ ಮತ್ತು ಅದಕ್ಕೂ ಮೇಲಿನ, ದೋಷ ಕಡಿಮೆ ಇರುವ ಯಂತ್ರಗಳು ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವೂ ನಿಯಮ ತಂದಿತು. ಅದರ ಪಟ್ಟಿಯಲ್ಲಿ ಕಂಪ್ಯೂಟರಿನ ಜತೆ ದೊಡ್ಡ ಸಾಮರ್ಥ್ಯದ ತಂಪುಯಂತ್ರಗಳೂ ಇವೆ. ಇಂದು ಸ್ನೇಹದಿಂದ ಪರವಾನಗಿ ಸಿಗಬಹುದು. ನಾಳೆಯ ರಾಜಕೀಯಕ್ಕೆ ಯಾರು ಜಾಮೀನು?

ಹೀಲಿಯಂ-3ರ ಕತೆ ಇನ್ನೂ ಬಿಗಿ. ಅದು ಗಣಿಯಲ್ಲಿ ಸಿಗುವ ವಸ್ತುವಲ್ಲ. ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹನ್ನೆರಡು ವರ್ಷಕ್ಕೆ ಅರ್ಧದಂತೆ ಕ್ಷಯಿಸುವಾಗ ಉಳಿಯುವ ಅನಿಲ. ಬಹುಕಾಲ ಇದರ ಮೂಲ ಅಮೆರಿಕ ಮತ್ತು ರಷ್ಯಾದ ಅಣ್ವಸ್ತ್ರ ದಾಸ್ತಾನು. ಆದರೆ ಭಾರಜಲ ರಿಯಾಕ್ಟರುಗಳಲ್ಲೂ ಟ್ರಿಟಿಯಂ ಹುಟ್ಟುತ್ತದೆ. ಕೆನಡಾದ ಡಾರ್ಲಿಂಗ್ಟನ್ ಅಣುಸ್ಥಾವರ ತನ್ನ ಭಾರಜಲದಿಂದ ಟ್ರಿಟಿಯಂ ತೆಗೆದು, ಅದರಿಂದ ಹೀಲಿಯಂ-3 ಪಡೆಯುವ ಕೆಲಸವನ್ನು ಶುರು ಮಾಡಿದೆ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಓಡುತ್ತಿರುವ ನಾಲ್ಕೂ ಘಟಕಗಳು ಭಾರಜಲ ಬಗೆಯವೇ. ಕ್ವಾಂಟಂ ಮಿಷನ್ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು, ಕೈಗಾ ಅಣುಶಕ್ತಿ ಇಲಾಖೆಯದು. ಈ ಎರಡು ಇಲಾಖೆಗಳು ಒಂದು ಮೇಜಿನ ಮುಂದೆ ಕೂತು ದೇಶದ ಹೀಲಿಯಂ-3ರ ಅಗತ್ಯಕ್ಕೆ ಇಪ್ಪತ್ತು ವರ್ಷದ ಯೋಜನೆ ಹಾಕಬೇಕು. ಇಂದೋರಿನ ರಾಜಾ ರಾಮಣ್ಣ ಕೇಂದ್ರ ಕಣವೇಗವರ್ಧಕಗಳಿಗಾಗಿ ಸೂಪರ್‌ಕಂಡಕ್ಟರ್ ಕುಹರಗಳನ್ನು ತಯಾರಿಸುವುದನ್ನು ಕಲಿತಿದೆ. ಅದೇ ಬಗೆಯ ಪರಿಣತಿಯನ್ನು ಅಮೆರಿಕದ ಫರ್ಮಿಲ್ಯಾಬ್ ಕ್ಯೂಬಿಟ್ ಕಡೆಗೆ ತಿರುಗಿಸಿದೆ. ಸಹಯೋಗ ಎಂದರೆ ಒಪ್ಪಂದಕ್ಕೆ ಸಹಿ ಹಾಕಿ ಫೋಟೋ ತೆಗೆಸುವುದಲ್ಲ. ಒಬ್ಬರ ಬಳಿ ಇರುವುದು ಇನ್ನೊಬ್ಬರಿಗೆ ತಲುಪಬೇಕು.

ನಮ್ಮಲ್ಲಿ ಅಂಥ ಸಹಯೋಗದ ಒಳ್ಳೆಯ ಮಾದರಿ ಒಂದು ಆಗಲೇ ಇದೆ. 2024ರ ಆಗಸ್ಟಿನಲ್ಲಿ ಆರು ಕ್ಯೂಬಿಟ್‌ನ ಒಂದು ಪ್ರೊಸೆಸರಿನ ಪರೀಕ್ಷೆ ಮುಗಿಯಿತು. ಚಿಪ್ಪಿನ ವಿನ್ಯಾಸ ಮತ್ತು ತಯಾರಿಕೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. ಅದರ ಕೊಲಾಬಾ ಆವರಣದಲ್ಲಿ ಆರ್. ವಿಜಯರಾಘವನ್ ಅವರ ಗುಂಪು ವರ್ಷಗಳಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ, ಉಂಗುರಾಕಾರದ ಅನುರಣಕ ಬಳಸುವ ವಿನ್ಯಾಸ ಆ ಸಂಸ್ಥೆಯದೇ. ನಿಯಂತ್ರಣ ಮತ್ತು ಅಳತೆಯ ಎಲೆಕ್ಟ್ರಾನಿಕ್ಸ್ ಕಟ್ಟಿದ್ದು ಪುಣೆಯಲ್ಲಿರುವ ಡಿಆರ್‌ಡಿಒ ಯುವ ವಿಜ್ಞಾನಿಗಳ ಪ್ರಯೋಗಾಲಯ. ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನೂ ತಾವೇ ಪ್ರೋಗ್ರಾಂ ಮಾಡಿದ ಬೋರ್ಡುಗಳನ್ನೂ ಜೋಡಿಸಿ ಮಾಡಿದರು. ಕ್ಲೌಡ್ ಮೂಲಕ ಯಂತ್ರಕ್ಕೆ ಕೆಲಸ ಒಪ್ಪಿಸುವ ತಂತ್ರಾಂಶ ಟಿಸಿಎಸ್‌ನದು. ಮೂಲವಿಜ್ಞಾನದ ಸಂಸ್ಥೆ, ರಕ್ಷಣಾ ಪ್ರಯೋಗಾಲಯ, ಖಾಸಗಿ ಕಂಪನಿ: ಮೂರೂ ತಮಗೆ ಬರುವ ಕೆಲಸವನ್ನಷ್ಟೇ ಮಾಡಿ ಒಂದು ಯಂತ್ರ ನಿಲ್ಲಿಸಿದವು. ಆರು ಎಂಬ ಸಂಖ್ಯೆ ಚಿಕ್ಕದು. ಆದರೆ ಆ ಕೆಲಸದಿಂದ ಕಲಿತ ಕೈಗಳು ದೇಶದಲ್ಲೇ ಇವೆ. ನನ್ನ ಮಟ್ಟಿಗೆ ಅದೇ ದೊಡ್ಡದು.

ಮಿಷನ್ ಕೂಡ ಈ ದಿಕ್ಕಿನಲ್ಲೇ ಹೆಜ್ಜೆ ಇಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ನಾಲ್ಕು ಕೇಂದ್ರಗಳು ಘೋಷಣೆಯಾದವು. ಕಂಪ್ಯೂಟಿಂಗ್ ಬೆಂಗಳೂರಿನ ಐಐಎಸ್‌ಸಿಗೆ, ಸಂವಹನ ಮದ್ರಾಸ್ ಐಐಟಿಗೆ, ಸಂವೇದಕ ಬಾಂಬೆ ಐಐಟಿಗೆ, ವಸ್ತು ಮತ್ತು ಸಾಧನ ದೆಹಲಿ ಐಐಟಿಗೆ. ಅವುಗಳ ಅಡಿಯಲ್ಲಿ ಹದಿನಾಲ್ಕು ತಾಂತ್ರಿಕ ಗುಂಪುಗಳು, 43 ಸಂಸ್ಥೆಗಳ 152 ಸಂಶೋಧಕರು. ಎಂಟು ಸ್ಟಾರ್ಟಪ್‌ಗಳಿಗೂ ನೆರವು ಸಿಕ್ಕಿತು. ಅವುಗಳಲ್ಲಿ ಬೆಂಗಳೂರಿನ ಕ್ಯೂಪಿಐಎಐ 2025ರ ಏಪ್ರಿಲಿನಲ್ಲಿ 25 ಕ್ಯೂಬಿಟ್‌ನ ಇಂಡಸ್ ಯಂತ್ರವನ್ನು ಹೊರತಂದು ಸುದ್ದಿಯಾಯಿತು. ಸುದ್ದಿಯಾಗದವರ ಮೇಲೆ ನನಗೆ ಹೆಚ್ಚು ಭರವಸೆ. ಬಾಂಬೆ ಐಐಟಿಯ ನಂಟಿನ ಡಿಮಿರಾ ಅತಿಶೀತದಲ್ಲಿ ಕೆಲಸ ಮಾಡುವ ಕೇಬಲ್ ತಯಾರಿಸುತ್ತದೆ. ಬೆಂಗಳೂರಿನ ಕ್ವಾನ್‌2ಡಿ ಒಂದೊಂದೇ ಬೆಳಕಿನ ಕಣವನ್ನು ಎಣಿಸುವ ಸೂಪರ್‌ಕಂಡಕ್ಟರ್ ಸಾಧನ ಮಾಡುತ್ತದೆ. ಕೇಬಲ್ ಮಾಡುವವನು, ಆಂಪ್ಲಿಫಯರ್ ಮಾಡುವವನು, ತಾಮ್ರದ ತಟ್ಟೆ ಕಡೆಯುವವನು ಊರಿನಲ್ಲಿದ್ದರೆ ಯಂತ್ರ ಕಟ್ಟುವವನು ತಾನಾಗಿ ಹುಟ್ಟುತ್ತಾನೆ. ಇಸ್ರೊಗೆ, ಎಚ್‌ಎಎಲ್‌ಗೆ ನಿಖರ ಬಿಡಿಭಾಗ ಮಾಡಿಕೊಟ್ಟು ಪಳಗಿದ ಸಣ್ಣ ಕಾರ್ಖಾನೆಗಳು ಬೆಂಗಳೂರಿನ ಪೀಣ್ಯದಲ್ಲಿ ಬೇಕಾದಷ್ಟಿವೆ. ಅವರಿಗೆ ಒಂದು ಗಟ್ಟಿ ಆರ್ಡರ್, ಕೆಟ್ಟರೆ ಮತ್ತೆ ಮಾಡಿಕೊಡಲು ಒಂದು ಅವಕಾಶ, ವೇಳೆಗೆ ಸರಿಯಾಗಿ ಬಿಲ್ ಪಾವತಿ, ಇಷ್ಟು ಸಾಕು.

ಇನ್ನು ಹಂಚಿಕೊಳ್ಳುವ ಕ್ಲೀನ್‌ರೂಮಿನ ವಿಷಯ. ಐಐಎಸ್‌ಸಿಯ ನ್ಯಾನೋವಿಜ್ಞಾನ ಕೇಂದ್ರದಲ್ಲಿ ದೇಶದ ಒಳ್ಳೆಯ ನ್ಯಾನೋ ತಯಾರಿಕಾ ಘಟಕವಿದೆ. 2008ರಲ್ಲೇ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಐಐಎಸ್‌ಸಿ ಮತ್ತು ಬಾಂಬೆ ಐಐಟಿಯಲ್ಲಿ ಒಂದು ಬಳಕೆದಾರರ ಕಾರ್ಯಕ್ರಮ ಶುರು ಮಾಡಿತು: ದೇಶದ ಯಾವ ಕಾಲೇಜಿನ ಸಂಶೋಧಕರಾದರೂ ಅರ್ಜಿ ಹಾಕಿ, ತರಬೇತಿ ಪಡೆದು, ಅಲ್ಲಿನ ಯಂತ್ರಗಳಲ್ಲಿ ಕೆಲಸ ಮಾಡಬಹುದು. ನಮ್ಮ ವಿಜ್ಞಾನ ಆಡಳಿತ ಮಾಡಿದ ಬುದ್ಧಿವಂತ ಖರ್ಚುಗಳಲ್ಲಿ ಇದೂ ಒಂದು. ಮಿಷನ್ ಅಡಿಯಲ್ಲೂ 2025ರಲ್ಲಿ ಬಾಂಬೆ, ದೆಹಲಿ, ಕಾನ್ಪುರ ಐಐಟಿಗಳಲ್ಲಿ ಮತ್ತು ಐಐಎಸ್‌ಸಿಯಲ್ಲಿ ಕ್ವಾಂಟಂ ತಯಾರಿಕಾ ಸೌಕರ್ಯಗಳಿಗೆ 720 ಕೋಟಿ ರೂಪಾಯಿ ಎಂದು ಘೋಷಣೆಯಾಗಿದೆ. ಸರಿಯಾದ ಜಾಗಕ್ಕೆ ಸರಿಯಾದ ದುಡ್ಡು.

ಇಂಥ ಸೌಕರ್ಯ ಊರಿನ ಕೆರೆಯ ಹಾಗೆ. ಕಟ್ಟಿಸುವುದಕ್ಕೆ ಎಲ್ಲರಿಗೂ ಉತ್ಸಾಹ, ಶಿಲಾಶಾಸನವೂ ಸಿಗುತ್ತದೆ. ಹೂಳೆತ್ತುವುದಕ್ಕೆ, ತೂಬು ನೋಡಿಕೊಂಡು ಯಾವ ಗದ್ದೆಗೆ ಎಷ್ಟು ನೀರು ಎಂದು ಬಿಡುವ ನೀರುಗಂಟಿಯನ್ನು ಸಾಕುವುದಕ್ಕೆ ದುಡ್ಡಿಡದಿದ್ದರೆ ಕೆರೆ ಎರಡು ತಲೆಮಾರು ಬಾಳದು. ಕ್ಲೀನ್‌ರೂಮಿನ ನೀರುಗಂಟಿ ಎಂದರೆ ಅಲ್ಲಿನ ತಂತ್ರಜ್ಞ. ಎಲೆಕ್ಟ್ರಾನ್ ಕಿರಣದ ಯಂತ್ರ ಇವತ್ತು ಯಾಕೆ ಓರೆ ಬರೆಯುತ್ತಿದೆ, ಪಂಪಿನ ಸದ್ದು ಯಾಕೆ ಬದಲಾಗಿದೆ ಎಂದು ಕಿವಿಯಲ್ಲೇ ಹೇಳುವವನು. ಅವನ ಹೆಸರು ಸಂಶೋಧನಾ ಪ್ರಬಂಧದ ಕೊನೆಯ ಧನ್ಯವಾದದಲ್ಲಿ ಬಂದರೆ ಹೆಚ್ಚು. ನಮ್ಮಲ್ಲಿ ಇಂಥವರಲ್ಲಿ ಅನೇಕರು ಪ್ರಾಜೆಕ್ಟ್ ಇರುವಷ್ಟು ದಿನದ ಗುತ್ತಿಗೆ ನೌಕರರು. ಐದು ವರ್ಷ ಕಲಿತ ಕೈ ಪ್ರಾಜೆಕ್ಟ್ ಮುಗಿದ ದಿನ ಬೇರೆ ಕೆಲಸ ಹುಡುಕಿ ಹೊರಡುತ್ತದೆ. ಹತ್ತಾರು ಕೋಟಿಯ ಯಂತ್ರ ಕೊಂಡು, ಅದನ್ನು ಬಲ್ಲ ಒಬ್ಬರಿಗೆ ಕಾಯಂ ನೌಕರಿ ಕೊಡಲಾಗದ ಲೆಕ್ಕಾಚಾರ ಯಾವ ಬಗೆಯ ಮಿತವ್ಯಯವೋ ನನಗೆ ಅರ್ಥವಾಗುವುದಿಲ್ಲ. ಯಂತ್ರಕ್ಕೆ ಮಂಜೂರಾದ ಪ್ರತಿ ಮೊತ್ತದ ಜತೆಗೆ ಹತ್ತು ವರ್ಷದ ನಿರ್ವಹಣೆ ಮತ್ತು ಸಂಬಳದ ಹಣವೂ ಕಡ್ಡಾಯವಾಗಿ ಮಂಜೂರಾಗಬೇಕು.

ಹಣದ ವೇಳೆಯೂ ಮುಖ್ಯ. 2020ರ ಫೆಬ್ರುವರಿಯ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕ್ವಾಂಟಂ ತಂತ್ರಜ್ಞಾನಕ್ಕೆ ಐದು ವರ್ಷದಲ್ಲಿ 8,000 ಕೋಟಿ ರೂಪಾಯಿ ಎಂದಿದ್ದರು. ಸಂಪುಟದ ಒಪ್ಪಿಗೆ ಬಂದದ್ದು ಮೂರು ವರ್ಷದ ಮೇಲೆ. ಮೊತ್ತ ಇಳಿಯಿತು, ಅವಧಿ ಹಿಗ್ಗಿತು. ನಡುವೆ ಕೋವಿಡ್ ಇತ್ತು, ನಿಜ. ಆದರೆ ಆ ಮೂರು ವರ್ಷದಲ್ಲಿ ಪಿಎಚ್‌ಡಿ ಮುಗಿಸಿದ ಹುಡುಗ ಹುಡುಗಿಯರು ಕಾಯಲಿಲ್ಲ. ಸ್ಕಾಲರ್‌ಶಿಪ್ ಹಣವನ್ನೇ ನೋಡಿ. 2023ರಲ್ಲಿ ಕಿರಿಯ ಸಂಶೋಧಕರ ಮಾಸಿಕ ಭತ್ಯೆ 37,000 ರೂಪಾಯಿಗೆ ಏರಿತು, ಒಳ್ಳೆಯದೇ. ಆದರೆ ಅದು ತಿಂಗಳು ತಿಂಗಳು ಕೈಸೇರದೆ ಸಂಶೋಧನಾ ವಿದ್ಯಾರ್ಥಿಗಳು ಮತ್ತೆ ಮತ್ತೆ ದನಿ ಎತ್ತಬೇಕಾಗಿದೆ. ಮನೆ ಬಾಡಿಗೆಗೆ ಸಾಲ ಮಾಡುವವರಿಂದ ನಿರಪೇಕ್ಷ ಶೂನ್ಯದ ಯಂತ್ರ ಕಟ್ಟಿಸುವುದು ಅನ್ಯಾಯ.

ಒಂದು ಒಳ್ಳೆಯ ಸುಧಾರಣೆಯನ್ನೂ ಹೇಳಬೇಕು. ಸಂಶೋಧನೆಗೆ ಬೇಕಾದ ಬಿಡಿಭಾಗವನ್ನೂ ಸರ್ಕಾರಿ ಪೋರ್ಟಲ್ಲಿನಲ್ಲೇ, ಕಡಿಮೆ ದರ ಕೂಗಿದವರಿಂದಲೇ ಕೊಳ್ಳಬೇಕೆಂಬ ಕಟ್ಟಳೆಯಿಂದ ವಿಜ್ಞಾನಿಗಳು ಬೇಸತ್ತಿದ್ದರು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಈ ನಿಯಮ ಸಡಿಲಿಸಿತು. ದರಪಟ್ಟಿ ಕರೆಯದೆ ನೇರ ಖರೀದಿಯ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು. 200 ಕೋಟಿವರೆಗಿನ ಜಾಗತಿಕ ಟೆಂಡರಿಗೆ ಸಂಸ್ಥೆಯ ನಿರ್ದೇಶಕರೇ ಅನುಮತಿ ಕೊಡಬಹುದಾಯಿತು. ಅತಿಶೀತಕ್ಕೆ ತಾಳದ ಅಗ್ಗದ ಕನೆಕ್ಟರ್ ಒಂದು ಇಡೀ ಯಂತ್ರವನ್ನು ಬೆಚ್ಚಗಾಗಿಸಿ, ಮತ್ತೆ ತಂಪು ಮಾಡಲು ದಿನಗಟ್ಟಲೆ ಕಾಯಿಸುವ ಕೆಲಸದಲ್ಲಿ ಈ ಸ್ವಾತಂತ್ರ್ಯ ತುಂಬ ದೊಡ್ಡದು.

ಈಗ ರಾಜ್ಯದ ಮಾತು. 2025ರ ಜುಲೈ 31ರಂದು ಬೆಂಗಳೂರಿನಲ್ಲಿ ಶುರುವಾದ ಕ್ವಾಂಟಂ ಸಮಾವೇಶದಲ್ಲಿ ಕರ್ನಾಟಕ ಸರ್ಕಾರ ತನ್ನದೇ ಕ್ವಾಂಟಂ ಮಿಷನ್‌ಗೆ 1,000 ಕೋಟಿ ರೂಪಾಯಿ ಘೋಷಿಸಿತು. ಕ್ಯೂ-ಸಿಟಿ ಕಟ್ಟುವ ಮಾತು, 2035ರ ಹೊತ್ತಿಗೆ 20 ಬಿಲಿಯನ್ ಡಾಲರ್ ಆರ್ಥಿಕತೆಯ ಗುರಿ ಕೂಡ ಬಂತು. ಪಕ್ಕದ ಆಂಧ್ರ ಬೇರೆ ದಾರಿ ಹಿಡಿದಿದೆ: ಐಬಿಎಂ, ಟಿಸಿಎಸ್ ಜತೆ ಸೇರಿ ಅಮರಾವತಿಗೆ 156 ಕ್ಯೂಬಿಟ್‌ನ ಸಿದ್ಧ ಯಂತ್ರ ತರಿಸುವ ಒಪ್ಪಂದ ಮಾಡಿಕೊಂಡಿದೆ. ಯಂತ್ರ ಬಳಸಿ ತಂತ್ರಾಂಶ ಬರೆಯುವವರಿಗೆ ಅದರಿಂದ ಲಾಭವಿದೆ, ತಪ್ಪೆನ್ನಲಾರೆ. ಆದರೆ ಕರ್ನಾಟಕ ಅದರ ಜತೆ ಪೈಪೋಟಿಗೆ ಬಿದ್ದು ಇನ್ನೂ ದೊಡ್ಡ ಯಂತ್ರ ತರಿಸಲು ಹೊರಟರೆ ಅದು ತಪ್ಪು. ನಮ್ಮಲ್ಲಿ ಐಐಎಸ್‌ಸಿ ಇದೆ, ರಾಮನ್ ಸಂಶೋಧನಾ ಸಂಸ್ಥೆ ಇದೆ, ಪೀಣ್ಯ ಇದೆ. ಕಟ್ಟುವವರಿಗೆ ಬೇಕಾದದ್ದೆಲ್ಲ ಹದಿನೈದು ಕಿಲೋಮೀಟರ್ ವ್ಯಾಪ್ತಿಯಲ್ಲಿರುವ ಊರು ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಆದ್ದರಿಂದ ರಾಜ್ಯ ಸರ್ಕಾರದ ಮುಂದೆ ನನ್ನ ಕೋರಿಕೆ ಇಷ್ಟೇ. ಸಾವಿರ ಕೋಟಿಯಲ್ಲಿ ಗಾಜಿನ ಕಟ್ಟಡಕ್ಕೆ ಕಡಿಮೆ ಇಡಿ. ಐಐಎಸ್‌ಸಿಯ ತಯಾರಿಕಾ ಘಟಕದ ಜತೆ ಒಪ್ಪಂದ ಮಾಡಿಕೊಂಡು, ಕ್ಯೂಬಿಟ್ ಚಿಪ್ ಮಾಡಿಕೊಡುವ ಒಂದು ಫೌಂಡ್ರಿ ಸೇವೆ ತೆರೆಯಿರಿ. ರಾಜ್ಯದ ಯಾವ ವಿಶ್ವವಿದ್ಯಾಲಯದಿಂದ ವಿನ್ಯಾಸ ಬಂದರೂ ಯೋಗ್ಯತೆ ನೋಡಿ ಉಚಿತವಾಗಿ ಮಾಡಿಕೊಡಲಿ. ಒಂದು ಡೈಲ್ಯೂಷನ್ ರೆಫ್ರಿಜರೇಟರನ್ನು ಹೊರಗಿನ ಬಳಕೆದಾರರಿಗೇ ಮೀಸಲಿಡಿ. ಅದನ್ನು ನಡೆಸುವ ತಂತ್ರಜ್ಞರನ್ನು ಕಾಯಂ ಹುದ್ದೆಗೆ ತೆಗೆದುಕೊಳ್ಳಿ. ಐಟಿಐ, ಡಿಪ್ಲೊಮಾ ಓದಿದವರಿಗೆ ನಿರ್ವಾತ ಮತ್ತು ಅತಿಶೀತ ತಂತ್ರದಲ್ಲಿ ಒಂದು ವರ್ಷದ ತರಬೇತಿ ಶುರು ಮಾಡಿ. ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರಿನ ಎಂಎಸ್ಸಿ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಅಲ್ಲಿ ಸೀಟು, ವಸತಿ, ಊಟದ ಖರ್ಚು ಕೊಡಿ. ಮತ್ತು ಇಷ್ಟು ಹಣ ಯಾವ ಬಿಡಿಭಾಗಕ್ಕೆ ಹೋಯಿತು, ಅದರಲ್ಲಿ ಇಲ್ಲೇ ತಯಾರಾದದ್ದು ಎಷ್ಟು ಎಂಬ ಲೆಕ್ಕವನ್ನು ಪ್ರತಿ ವರ್ಷ ಕನ್ನಡದಲ್ಲಿ ಜನರ ಮುಂದಿಡಿ. ವಿಧಾನಸಭೆಯಲ್ಲಿ ಈ ಲೆಕ್ಕ ಕೇಳುವ ಶಾಸಕರು ಬೇಕು. ಅವರಿಂದ ಕೇಳಿಸುವ ಕೆಲಸ ತೆರಿಗೆ ಕಟ್ಟುವ ನಮ್ಮದು.